ತುಕ್ಕಿನಿಂದ ಹರಾಜಿನವರೆಗೆ: ಒಂದು ಹಳೆಯ ಜಿಟಿಒ ಕಾರಿನ ಲೆಕ್ಕ

ಕಳೆದ ಸೆಮಿಸ್ಟರ್ ಥರ್ಮೋಡೈನಮಿಕ್ಸ್ ಇಂಟರ್ನಲ್ಸ್‌ಗೆ ಓದ್ತೀವಿ ಅಂತ ಹಾಸ್ಟೆಲ್ ರೂಮಿನಲ್ಲಿ ಕೂತಿದ್ದೆವು. ಕಂಪ್ರೆಷನ್ ರೇಶಿಯೋ ಬಗ್ಗೆ ವಿಡಿಯೋ ಹುಡುಕುತ್ತಾ ಹುಡುಕುತ್ತಾ ಬಂದು ನಿಂತಿದ್ದು ಅಮೆರಿಕದ ಯಾವುದೋ ಶೆಡ್‌ನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಕಾರಿನ ಮುಂದೆ. ರಾತ್ರಿ ಎರಡು ಗಂಟೆಗೆ ಆ ಕಾರು ಹೊಳೆಯುತ್ತಾ ಹೊರಗೆ ಬಂತು. ಇಂಟರ್ನಲ್ಸ್ ಹೇಗಾಯ್ತು ಅಂತ ಕೇಳಬೇಡಿ. ಆದರೆ ಅವತ್ತಿನಿಂದ ಅಮೆರಿಕದ ಮಸಲ್ ಕಾರುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇವೆ. ನಾವು ಕಲಿತ ಪಾಠಗಳೇ ಅಲ್ಲಿ ಸಿಗುತ್ತವೆ ಅಂತ ಗೊತ್ತಾದ ಮೇಲೆ, ಅದನ್ನು ನಿಮಗೂ ಹೇಳೋಣ ಅನ್ನಿಸಿತು.

ಮಸಲ್ ಕಾರ್ ಅಂದ್ರೆ ಏನು?

ಮಧ್ಯಮ ಗಾತ್ರದ, ಸಾಮಾನ್ಯ ಬೆಲೆಯ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿದರೆ ಅದೇ ಮಸಲ್ ಕಾರ್. ಇದರ ಹುಟ್ಟು 1964ರ ಪಾಂಟಿಯಾಕ್ ಜಿಟಿಒದಿಂದ ಅಂತ ಬಹಳ ಜನ ಹೇಳುತ್ತಾರೆ. ಆಗ ಜನರಲ್ ಮೋಟರ್ಸ್ ಕಂಪನಿಯಲ್ಲಿ ಒಂದು ರೂಲ್ ಇತ್ತು: ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ, ಅಂದ್ರೆ ಸುಮಾರು 5.4 ಲೀಟರ್‌ಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿಲ್ಲ. ಪಾಂಟಿಯಾಕ್ ವಿಭಾಗದ ಎಂಜಿನಿಯರ್‌ಗಳಾದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಆ ರೂಲನ್ನು ಮುರಿಯಲಿಲ್ಲ, ಪಕ್ಕದಿಂದ ದಾಟಿದರು. 389 ಕ್ಯೂಬಿಕ್ ಇಂಚಿನ ಎಂಜಿನ್ನನ್ನು ಹೊಸ ಮಾಡೆಲ್ ಅಂತ ತೋರಿಸದೆ, ಟೆಂಪೆಸ್ಟ್ ಲಿಮಾನ್ಸ್ ಕಾರಿನ ಒಂದು ‘ಆಪ್ಷನ್ ಪ್ಯಾಕೇಜ್’ ಅಂತ ತೋರಿಸಿದರು. ಮೊದಲ ವರ್ಷವೇ 32,450 ಕಾರು ಹೋದವು. ಆಮೇಲೆ ಶೆವರ್ಲೆ, ಡಾಡ್ಜ್, ಪ್ಲಿಮತ್, ಫೋರ್ಡ್ ಎಲ್ಲರೂ ಓಟಕ್ಕೆ ಇಳಿದರು.

ಓಟ ಬಹಳ ವರ್ಷ ನಡೆಯಲಿಲ್ಲ. 1970ರ ಕ್ಲೀನ್ ಏರ್ ಆಕ್ಟ್, ಏರುತ್ತಿದ್ದ ಇನ್ಶೂರೆನ್ಸ್, ಕೊನೆಗೆ 1973ರ ತೈಲ ಬಿಕ್ಕಟ್ಟು, ಎಲ್ಲಾ ಸೇರಿ ಅದನ್ನು ಮುಗಿಸಿದವು. ಇಷ್ಟು ಕಡಿಮೆ ಕಾಲ ಇದ್ದಿದ್ದಕ್ಕೇ ಇವತ್ತು ಅವುಗಳಿಗೆ ಈ ಬೆಲೆ.

ನಾವು ಉದಾಹರಣೆಗೆ 1968ರ ಜಿಟಿಒ ತಗೊಳ್ಳೋಣ. 400 ಕ್ಯೂಬಿಕ್ ಇಂಚ್, ಸುಮಾರು 6.6 ಲೀಟರ್, 350 ಹಾರ್ಸ್‌ಪವರ್, ಕಂಪ್ರೆಷನ್ ರೇಶಿಯೋ 10.75.

ಮೊದಲ ಹೆಜ್ಜೆ: ಸ್ಪಾನರ್ ಅಲ್ಲ, ಪೆನ್ನು

ಹಳೆ ಕಾರು ಕೊಳ್ಳುವಾಗ ಮೊದಲು ಓದಬೇಕಾದದ್ದು ಅದರ ನಂಬರ್. ಇವತ್ತಿನ ವಾಹನಗಳ ವಿಐಎನ್ ನಂಬರಿನಲ್ಲಿ 17 ಅಕ್ಷರ ಇರುತ್ತವೆ. ಅದು ಅಮೆರಿಕದಲ್ಲಿ ಬಂದಿದ್ದು 1981ರ ಮಾಡೆಲ್‌ಗಳಿಂದ. 1968ರ ಪಾಂಟಿಯಾಕ್‌ನಲ್ಲಿ ಇರುವುದು 13. ಮೊದಲನೆಯ 2 ಅಂದ್ರೆ ಪಾಂಟಿಯಾಕ್. ಆಮೇಲಿನ 42 ಅಂದ್ರೆ ಜಿಟಿಒ. 37 ಅಂದ್ರೆ ಎರಡು ಬಾಗಿಲಿನ ಹಾರ್ಡ್‌ಟಾಪ್. 8 ಅಂದ್ರೆ 1968. ನಂತರ ಫ್ಯಾಕ್ಟರಿಯ ಒಂದು ಅಕ್ಷರ, ಕೊನೆಗೆ ಆರು ಅಂಕಿಯ ಕ್ರಮ ಸಂಖ್ಯೆ. ನಂಬರ್ 242ರಿಂದ ಶುರುವಾಗದಿದ್ದರೆ, ಬ್ಯಾಡ್ಜ್ ಏನೇ ಹೇಳಲಿ, ಅದು ಜಿಟಿಒ ಅಲ್ಲ.

ಎಲ್ಲ ಕಾರಿಗೂ ಇಷ್ಟು ಸುಲಭ ಇಲ್ಲ. 1964 ಮತ್ತು 1965ರಲ್ಲಿ ಜಿಟಿಒ ಬರೀ ಆಪ್ಷನ್ ಆಗಿತ್ತಲ್ಲ, ಹಾಗಾಗಿ ವಿಐಎನ್ ನೋಡಿ ಏನೂ ಹೇಳೋಕಾಗಲ್ಲ. 1970ರ ಶೆವೆಲ್ ಎಸ್‌ಎಸ್ ಕಥೆಯೂ ಅದೇ. ಸಾಮಾನ್ಯ ಕಾರಿಗೆ ಬ್ಯಾಡ್ಜ್, ದೊಡ್ಡ ಎಂಜಿನ್ ಹಾಕಿ ಮಾಡಿದ ‘ಕ್ಲೋನ್’ ಕಾರುಗಳು ಅದಕ್ಕೇ ಅಷ್ಟೊಂದು ಇವೆ. ಆಗ ಬೇಕಾಗುವುದು ಕಾಗದ. ಪಾಂಟಿಯಾಕ್‌ಗೆ ಫ್ಯಾಕ್ಟರಿ ಇನ್‌ವಾಯ್ಸ್‌ಗಳ ಪ್ರತಿ ಕೊಡುವ ಸಂಸ್ಥೆ ಒಂದಿದೆ, ಪಿಎಚ್‌ಎಸ್ ಅಂತ. ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ಇದೆ. ಕೆಲವು ಕಾರುಗಳಲ್ಲಿ ಫ್ಯಾಕ್ಟರಿಯ ಬಿಲ್ಡ್ ಶೀಟ್ ಸೀಟಿನ ಸ್ಪ್ರಿಂಗ್‌ಗೆ ಸಿಕ್ಕಿಕೊಂಡು ಐವತ್ತು ವರ್ಷ ಹಾಗೇ ಉಳಿದಿರುತ್ತದೆ. ಇಲಿ ತಿಂದಿಲ್ಲ ಅಂದ್ರೆ ಅದೃಷ್ಟ.

ಇನ್ನೊಂದು ಚಿಕ್ಕ ಮೋಸ ಓಡೋಮೀಟರ್‌ದು. ಅದರಲ್ಲಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. 43,000 ಅಂತ ತೋರಿಸುವ ಕಾರು 1,43,000 ಓಡಿರಬಹುದು.

ತುಕ್ಕು ಎಲ್ಲಿರುತ್ತೆ?

ಎಂಜಿನ್ ಕೆಟ್ಟರೆ ಹೆದರಬೇಡಿ, ಬಾಡಿ ಕೆಟ್ಟರೆ ಹೆದರಿ. ರೆಸ್ಟೋರೇಷನ್ ಮಾಡುವವರು ಹೇಳುವ ಮಾತಿನ ಸಾರ ಇದು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಹಾಕುತ್ತಾರೆ. ಉಪ್ಪು ನೀರು ಒಳ್ಳೆಯ ಎಲೆಕ್ಟ್ರೊಲೈಟ್. ಫಸ್ಟ್ ಇಯರ್ ಕೆಮಿಸ್ಟ್ರಿಯ ಕರೋಷನ್ ಚಾಪ್ಟರ್ ಪೂರ್ತಿ ಕಾರಿನ ಕೆಳಗಡೆ ನಡೆಯುತ್ತದೆ. ಅದಕ್ಕೇ ಅರಿಜೋನಾದಂಥ ಒಣ ರಾಜ್ಯದ ಕಾರು ಅಂದ್ರೆ ಬೆಲೆ ಜಾಸ್ತಿ.

ನೋಡಬೇಕಾದ ಜಾಗಗಳು: ಕಾಲಿಡುವ ನೆಲ, ಡಿಕ್ಕಿಯ ನೆಲ, ಹಿಂದಿನ ಗಾಜಿನ ಅಂಚು, ಚಕ್ರದ ಸುತ್ತ, ಮಣ್ಣು ಎಲೆ ಸೇರಿಕೊಳ್ಳುವ ಎಲ್ಲ ಸಂದಿ. ಮೇಲಿಂದ ಪೇಂಟ್ ಚೆನ್ನಾಗಿದ್ದರೂ ಒಂದು ಮ್ಯಾಗ್ನೆಟ್ ಹಿಡಿದು ನೋಡಬೇಕು. ಅಂಟಿಕೊಳ್ಳದ ಕಡೆ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ.

ಜಿಟಿಒದಲ್ಲಿ ಬಾಡಿಯೇ ಬೇರೆ, ಕೆಳಗಿನ ಫ್ರೇಮ್ ಬೇರೆ. ಬೋಲ್ಟ್ ಬಿಚ್ಚಿ ಬಾಡಿ ಪೂರ್ತಿ ಎತ್ತಿ ಮಾಡುವ ಕೆಲಸಕ್ಕೆ ‘ಫ್ರೇಮ್-ಆಫ್’ ರೆಸ್ಟೋರೇಷನ್ ಅಂತಾರೆ. ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಫೋಟೋ, ಪ್ರತಿ ಬೋಲ್ಟ್‌ಗೂ ಚೀಟಿ ಅಂಟಿಸಿದ ಕವರ್. ಬಿಚ್ಚುವುದು ಒಂದು ವಾರದ ಕೆಲಸ, ಜೋಡಿಸುವುದು ಒಂದೆರಡು ವರ್ಷದ್ದು. ನಡುವೆ ನೆನಪು ಕೈಕೊಡುತ್ತದೆ. ಎಷ್ಟೋ ಕಾರುಗಳು ಡಬ್ಬಗಳಲ್ಲಿ ತುಂಬಿಕೊಂಡೇ ಮಾರಾಟಕ್ಕೆ ಬರುವುದು ಇದೇ ಕಾರಣಕ್ಕೆ.

ಹಳೆ ಪೇಂಟ್ ತೆಗೆಯಲು ಮರಳಿನ ಬ್ಲಾಸ್ಟಿಂಗ್ ಫ್ರೇಮಿಗೆ ಓಕೆ. ಸುಮಾರು 1 ಮಿ.ಮೀ. ದಪ್ಪದ ಬಾನೆಟ್ ತಗಡಿಗೆ ಹೊಡೆದರೆ ಅದು ಸೊಟ್ಟ ಆಗುತ್ತದೆ. ಮರಳಿನ ಕಣಗಳು ಒಂದು ಕಡೆ ಮಾತ್ರ ಬಡಿದು ಮೇಲ್ಪದರವನ್ನು ಹಿಗ್ಗಿಸುತ್ತವೆ. ಅದಕ್ಕೆ ತಗಡಿಗೆ ಪ್ಲಾಸ್ಟಿಕ್ ಕಣ ಅಥವಾ ಸೋಡಾ ಪುಡಿ ಬಳಸುತ್ತಾರೆ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಮಿಗ್ ವೆಲ್ಡ್ ಮಾಡುವಾಗಲೂ ಒಂದೇ ಸಮ ಗೆರೆ ಎಳೆಯುವ ಹಾಗಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಡಬೇಕು. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಬಟ್ ಜಾಯಿಂಟ್ ಬಾಳೆಹಣ್ಣಿನ ಥರ ಬಗ್ಗಿದ್ದು ಯಾಕೆ ಅಂತ ನಮಗೆ ಆಮೇಲೆ ಅರ್ಥ ಆಯ್ತು!

ಎಂಜಿನ್: ನಮ್ಮ ಸಿಲಬಸ್ ಇಲ್ಲಿದೆ

ಮೊದಲು ಒಂದು ಲೆಕ್ಕ. ಈ ಎಂಜಿನ್ನಿನ ಬೋರ್ 4.12 ಇಂಚ್, ಸ್ಟ್ರೋಕ್ 3.75 ಇಂಚ್, ಎಂಟು ಸಿಲಿಂಡರ್. ಪೈ ಬೈ ಫೋರ್ ಡಿ ಸ್ಕ್ವೇರ್ ಹಾಕಿ ನೋಡಿ, 400 ಬರುತ್ತದೆ. ಸವೆದ ಸಿಲಿಂಡರನ್ನು ಮಷೀನ್ ಶಾಪ್‌ನಲ್ಲಿ 0.030 ಇಂಚ್ ದೊಡ್ಡದಾಗಿ ಕೊರೆದರೆ ಬೋರ್ 4.15 ಆಗಿ, ವಾಲ್ಯೂಮ್ ಸುಮಾರು 406 ಆಗುತ್ತದೆ. ರಿಪೇರಿ ಮಾಡಿದ 400 ಎಂಜಿನ್ನನ್ನು ಜನ 406 ಅಂತ ಕರೆಯುವುದು ಇದಕ್ಕೇ.

ಇನ್ನು ಕಂಪ್ರೆಷನ್. 1971ರಲ್ಲಿ ಕಡಿಮೆ ಆಕ್ಟೇನ್ ಪೆಟ್ರೋಲಿಗೆ ಹೊಂದಲಿ ಅಂತ ಇದೇ 400 ಎಂಜಿನ್ನಿನ ರೇಶಿಯೋವನ್ನು 8.2ಕ್ಕೆ ಇಳಿಸಿದರು. ಒಟ್ಟೋ ಸೈಕಲ್ ಫಾರ್ಮುಲಾಗೆ ಗ್ಯಾಮಾ 1.4 ಹಾಕಿದರೆ 10.75ಕ್ಕೆ ಐಡಿಯಲ್ ಎಫಿಶಿಯೆನ್ಸಿ 61 ಪರ್ಸೆಂಟ್, 8.2ಕ್ಕೆ 57 ಪರ್ಸೆಂಟ್. ನಿಜವಾದ ಎಂಜಿನ್ ಇದರ ಹತ್ತಿರವೂ ಬರಲ್ಲ, ಆದರೆ ದಿಕ್ಕು ಇದೇ. 1972ರಿಂದ ಪವರ್ ಅಳೆಯುವ ಪದ್ಧತಿಯೂ ಬದಲಾಯ್ತು. ಮೊದಲು ಏರ್ ಕ್ಲೀನರ್, ಪೂರ್ತಿ ಎಕ್ಸಾಸ್ಟ್ ಏನೂ ಇಲ್ಲದೆ ಬರೀ ಎಂಜಿನ್ ಇಟ್ಟು ಅಳೆಯುತ್ತಿದ್ದರು, ಅದು ಗ್ರಾಸ್. ಆಮೇಲೆ ಎಲ್ಲ ಜೋಡಿಸಿ ಅಳೆದರು, ಅದು ನೆಟ್. ಹಾಗಾಗಿ 1968ರ 350 ಹಾರ್ಸ್‌ಪವರನ್ನು ಇವತ್ತಿನ ಕಾರಿನ ಅಂಕಿಯ ಪಕ್ಕ ನೇರವಾಗಿ ಇಟ್ಟು ಹೋಲಿಸಬಾರದು.

ರಿಪೇರಿ ಮಾಡುವಾಗ ಎರಡು ವಿಷಯ ಮರೆಯಬಾರದು. ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ನಾಕಿಂಗ್ ತಡೆಯುವುದರ ಜೊತೆಗೆ ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಸೀಟಿನ ನಡುವೆ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಿಂದ ಪೂರ್ತಿ ಬಂದ್. ಅದಕ್ಕೆ ಹೆಡ್ ರಿಪೇರಿ ಮಾಡುವಾಗ ಗಟ್ಟಿ ಮಾಡಿದ ವಾಲ್ವ್ ಸೀಟ್ ಕೂರಿಸುತ್ತಾರೆ. ಎರಡನೆಯದು ಆಯಿಲ್. ಹಳೆ ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗೆ ಜಿಂಕ್ ಮತ್ತು ಫಾಸ್ಫರಸ್ ಇರುವ ಆಯಿಲ್ ಬೇಕು. ಹೊಸ ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಅದನ್ನು ಕಡಿಮೆ ಮಾಡಿದ್ದಾರೆ. ಹೊಸ ಕ್ಯಾಮ್ ಹಾಕಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸುಮ್ಮನೆ ಐಡ್ಲಿಂಗ್ ಬಿಡದೆ, 2000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸುತ್ತಾರೆ. ಅದು ತಪ್ಪಿದರೆ ಅಷ್ಟು ತಿಂಗಳ ಕೆಲಸ ಅರ್ಧ ಗಂಟೆಯಲ್ಲಿ ಸವೆದುಹೋಗಬಹುದು.

ಮಾರಾಟದ ಲೆಕ್ಕ

ಲೆಕ್ಕಕ್ಕೆ ನಾವೇ ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಮಾರ್ಕೆಟ್ ರೇಟ್ ಅಲ್ಲ, ಲೆಕ್ಕದ ರೀತಿ ತೋರಿಸಲು ಅಷ್ಟೇ. ಕಾರು 15,000 ಡಾಲರ್. ಬಾಡಿ ಮತ್ತು ಪೇಂಟ್ 20,000. ಎಂಜಿನ್, ಗೇರ್‌ಬಾಕ್ಸ್ 10,000. ಬ್ರೇಕ್, ಸಸ್ಪೆನ್ಷನ್, ವೈರಿಂಗ್, ಟೈರ್ 8,000. ಸೀಟು, ಕ್ರೋಮ್ 7,000. ಒಟ್ಟು 60,000. 55,000ಕ್ಕೆ ಮಾರಿ, ಹರಾಜಿನವರಿಗೆ 5 ಪರ್ಸೆಂಟ್ ಕಮಿಷನ್ ಕೊಟ್ಟರೆ ಕೈಗೆ ಬರುವುದು 52,250. ನಷ್ಟ 7,750. ಇದರಲ್ಲಿ ಸ್ವಂತ ಕೆಲಸದ ಸಾವಿರ ಗಂಟೆಗೆ ಕೂಲಿ ಸೊನ್ನೆ! ಹವ್ಯಾಸಕ್ಕೆ ಮಾಡುವವರಿಗೆ ದುಡ್ಡು ವಾಪಸ್ ಬಂದರೆ ಅದೇ ದೊಡ್ಡದು ಅನ್ನುವುದು ಇದಕ್ಕೇ.

ಮಾರುವ ಜಾಗಗಳು ಹಲವು. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜು, ಫ್ಲಾರಿಡಾದ ಕಿಸಿಮಿಯಲ್ಲಿ ಮೀಕಮ್ ಹರಾಜು, ಎರಡೂ ಜನವರಿಯಲ್ಲಿ. ಆನ್‌ಲೈನ್‌ನಲ್ಲಿ ಬ್ರಿಂಗ್ ಎ ಟ್ರೈಲರ್. ‘ರಿಸರ್ವ್’ ಇಟ್ಟರೆ ನಾವು ಹೇಳಿದ ಕನಿಷ್ಠ ಬೆಲೆ ಬರದಿದ್ದರೆ ಕಾರು ನಮ್ಮದೇ. ‘ನೋ ರಿಸರ್ವ್’ ಅಂದ್ರೆ ಎಷ್ಟಕ್ಕೆ ಕೂಗಿದರೂ ಕೊಟ್ಟುಬಿಡಬೇಕು. ಹೇಗೇ ಮಾರಿದರೂ ಬೆಲೆ ಏರಿಸುವುದು ಕಾಗದ: ಮಾಲೀಕತ್ವದ ಟೈಟಲ್, ಫ್ಯಾಕ್ಟರಿ ಇನ್‌ವಾಯ್ಸ್, ಬಿಲ್ಲುಗಳು, ತುಕ್ಕು ಕತ್ತರಿಸುವಾಗ ತೆಗೆದ ಫೋಟೋಗಳು. ಆ ಕೊಳಕು ಫೋಟೋಗಳೇ ಕೊಳ್ಳುವವರಿಗೆ ಧೈರ್ಯ ಕೊಡುತ್ತವೆ.

ಆ ನಂಬರಿನ ಜಗಳ

1968ರಿಂದ ಜನರಲ್ ಮೋಟರ್ಸ್ ಎಂಜಿನ್ ಬ್ಲಾಕ್ ಮೇಲೂ ಕಾರಿನ ವಿಐಎನ್‌ನ ಒಂದು ಭಾಗ ಕೊರೆಯಲು ಶುರುಮಾಡಿತು. ಎರಡೂ ಹೊಂದಿದರೆ ‘ನಂಬರ್ಸ್ ಮ್ಯಾಚಿಂಗ್’. ಅಂದ್ರೆ ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದೆ ಅಂತ. ಅದಕ್ಕೆ ಬೆಲೆ ಬಹಳ ಹೆಚ್ಚು. ಶೆವರ್ಲೆ ವಿ8ಗಳಲ್ಲಿ ಈ ನಂಬರ್ ಇರುವುದು ಬ್ಲಾಕಿನ ಮೇಲ್ಭಾಗದ ಅಂಚಿನಲ್ಲಿ. ರಿಪೇರಿಗೆ ಅಂತ ಬ್ಲಾಕಿನ ಮೇಲ್ಮೈ ಮಷೀನ್ ಮಾಡಿಸಿದರೆ ಅದು ಅಳಿಸಿಯೇ ಹೋಗುತ್ತದೆ. ಬೇರೆ ಬ್ಲಾಕ್ ತಂದು ಸರಿಯಾದ ನಂಬರ್ ಗುದ್ದುವವರೂ ಇದ್ದಾರೆ.

ನಮ್ಮ ರೂಮಿನಲ್ಲಿ ಜಗಳ ಆಗಿದ್ದು ಇಲ್ಲೇ. “ಅದೇ ಮಾಡೆಲ್, ಅದೇ ವರ್ಷದ ಬ್ಲಾಕ್ ತಂದು ನಂಬರ್ ಹಾಕಿದ್ರೆ ತಪ್ಪೇನು ಮಗಾ? ಓಡೋದು ಒಂದೇ ಥರ ಅಲ್ವಾ?” ಅಂತ ಒಬ್ಬ. “ಹಾಗಾದ್ರೆ ನಂಬರ್ ಹಾಕದೇ ಮಾರು ನೋಡೋಣ” ಅಂತ ಇನ್ನೊಬ್ಬ. ಇಬ್ಬರೂ ಸುಮ್ಮನಾದರು. ಹಿಂದಿನ ವಾರವಷ್ಟೇ ಫ್ಲೂಯಿಡ್ಸ್ ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ನೇರ ಬರಲಿ ಅಂತ ನಾವೆಲ್ಲ ಎರಡು ರೀಡಿಂಗ್ ‘ಸರಿ’ ಮಾಡಿದ್ದೆವು. ಗ್ರಾಫ್ ಚೆನ್ನಾಗಿ ಬಂತು, ಮಾರ್ಕ್ಸೂ ಬಂತು. ಆದರೆ ಆ ಪುಟ ಇನ್ನು ಯಾರಿಗೂ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಯಾವ ರೀಡಿಂಗ್ ನಿಜ ಅಂತ ಈಗ ನಮಗೇ ನೆನಪಿಲ್ಲ. ನಂಬರ್ ಗುದ್ದುವುದೂ ಅದೇ ಕೆಲಸ. ಕಾರು ಒಂದೇ ಥರ ಓಡಬಹುದು, ಕೊಳ್ಳುವವನು ದುಡ್ಡು ಕೊಟ್ಟಿದ್ದು ಓಡುವುದಕ್ಕೆ ಮಾತ್ರ ಅಲ್ಲ, ನಡೆದ ಕಥೆಗೆ. ಬೇರೆ ಎಂಜಿನ್ ಹಾಕುವುದು ತಪ್ಪಲ್ಲ, ಹಾಕಿದ್ದೇವೆ ಅಂತ ಬರೆಯದಿರುವುದು ತಪ್ಪು.

ವಿಐಎನ್ ಪ್ಲೇಟನ್ನು ಮುಟ್ಟುವುದಂತೂ ಕಾನೂನಿನ ವಿಷಯ. ಕಾನ್ಸಾಸ್ ರಾಜ್ಯದಲ್ಲಿ 1959ರ ಕಾರ್ವೆಟ್ ಒಂದನ್ನು ಪೊಲೀಸರು ವಶಕ್ಕೆ ತಗೊಂಡಿದ್ದರು. ರೆಸ್ಟೋರೇಷನ್ ವೇಳೆ ಯಾರೋ ವಿಐಎನ್ ಪ್ಲೇಟ್ ತೆಗೆದು ಮತ್ತೆ ಕೂರಿಸಿದ್ದೇ ಕಾರಣ. ಕೊಂಡವರಿಗೆ ಅದು ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಕೇಸ್ ನಡೆದು, ಕೊನೆಗೆ 2022ರಲ್ಲಿ ಆ ರಾಜ್ಯ ಹಳೆ ಕಾರುಗಳಿಗಾಗಿ ಕಾನೂನನ್ನೇ ತಿದ್ದಬೇಕಾಯ್ತು.

ಕೊನೆಗೆ, ಏನೂ ಮಾಡದ ಒಂದು ಕಾರು

1968ರ ‘ಬುಲ್ಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ ಗೊತ್ತಿರಬಹುದು. ಅದನ್ನು 1974ರಲ್ಲಿ ರಾಬರ್ಟ್ ಕೀರ್ನನ್ ಅನ್ನುವವರು 6,000 ಡಾಲರಿಗೆ ಕೊಂಡು ಮನೆಯ ಕಾರಾಗಿ ಬಳಸಿದರು. 2020ರ ಜನವರಿಯಲ್ಲಿ ಕುಟುಂಬ ಅದನ್ನು ಕಿಸಿಮಿಯ ಹರಾಜಿಗೆ ತಂದಾಗ ಕೂಗಿದ ಬೆಲೆ 34 ಲಕ್ಷ ಡಾಲರ್. ಅದಕ್ಕೆ ಹೊಸ ಪೇಂಟ್ ಇರಲಿಲ್ಲ, ಶೂಟಿಂಗ್‌ಗೆ ಕ್ಯಾಮೆರಾ ಕೂರಿಸಿದ್ದ ಗುರುತುಗಳು ಹಾಗೇ ಇದ್ದವು. ಪ್ರೀತಿಯಿಂದ ಯಾರಾದರೂ ಅದನ್ನು ಹೊಸದು ಮಾಡಿದ್ದರೆ ಆ ಗುರುತುಗಳೇ ಹೋಗುತ್ತಿದ್ದವು.

ಹಾಗಾಗಿ ರೆಸ್ಟೋರೇಷನ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಏನೇನು ಬದಲಿಸೋಣ’ ಅಲ್ಲ, ‘ಏನನ್ನು ಮುಟ್ಟದೆ ಬಿಡೋಣ’. ಬದಲಿಸಿದ್ದನ್ನೆಲ್ಲ ಬರೆದಿಡೋದು ಎರಡನೆಯದು. ನಾವಂತೂ ಸದ್ಯಕ್ಕೆ ಜಿಟಿಒ ಕೊಳ್ಳಲ್ಲ, ಮೆಸ್ ಬಿಲ್ಲೇ ಬಾಕಿ ಇದೆ. ಆದರೆ ಈ ಸೆಮಿಸ್ಟರ್ ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಸ್ವಲ್ಪ ಸೊಟ್ಟ ಇದೆ. ಮೇಡಂ ಯಾಕೆ ಅಂತ ಕೇಳಿದರೆ ಹೇಳಲು ನಮ್ಮ ಹತ್ತಿರ ನಿಜವಾದ ಉತ್ತರವೂ ಇದೆ.