ಗುಡುಗಿನ ರಾತ್ರಿಯಲ್ಲಿ ಕೆಂಪು ಚಂದ್ರ

2025ರ ಸೆಪ್ಟೆಂಬರ್ 7, ಭಾನುವಾರ. ರಾತ್ರಿ 11:01ರಿಂದ 12:22ರವರೆಗೆ ಖಗ್ರಾಸ ಚಂದ್ರಗ್ರಹಣ. ಬೆಂಗಳೂರಿನಲ್ಲಿ ಚಂದ್ರ ಮೋಡದ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ದ. ಸೆಪ್ಟೆಂಬರ್ ಅಂದ್ರೆ ಇಲ್ಲಿ ವರ್ಷದಲ್ಲೇ ಹೆಚ್ಚು ಮಳೆಯ ತಿಂಗಳು, ಸಂಜೆಯ ಗುಡುಗು ಮಾಮೂಲು.

ತೊಡಕು ಇಲ್ಲಿದೆ. ಆವತ್ತು ನಡುರಾತ್ರಿ ಚಂದ್ರ ಇದ್ದದ್ದು ಸುಮಾರು 70 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿ ಮೇಲೆ. ಬಿಟಿಎಂ ಲೇಔಟ್‌ನ ಬಾಲ್ಕನಿಯಿಂದ ಅದು ಸಿಗಲ್ಲ, ತಾರಸಿಗೇ ಹತ್ತಬೇಕು. ಮಿಂಚುವಾಗ ನಿಲ್ಲಬಾರದ ಜಾಗವೂ ಅದೇ.

ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸೋದ್ರೊಳಗೆ ಗುಡುಗಿದ್ರೆ ಟ್ರೈಪಾಡ್ ಅಲ್ಲೇ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ದಯವಿಟ್ಟು, ಫೋಟೋಗಿಂತ ನೀವು ಮುಖ್ಯ.

ಈಗ ಕ್ಯಾಮೆರಾ. ಹುಣ್ಣಿಮೆ ಚಂದ್ರನಿಗೆ ಎಫ್ 8, ಐಎಸ್‌ಒ 100, ಸೆಕೆಂಡಿನ 250ನೇ ಒಂದು ಭಾಗ ಸಾಕು. ಕೆಂಪಾದ ಚಂದ್ರ ಸಾವಿರಾರು ಪಟ್ಟು ಮಬ್ಬು. ಐಎಸ್‌ಒ 1600, ಒಂದು ಸೆಕೆಂಡಿನಿಂದ ಶುರು ಮಾಡಿ. ಮಳೆ ನಿಂತ ಮೇಲೆ ಲೆನ್ಸಿನ ಮೇಲೆ ಹಬೆ ಕೂರುತ್ತೆ, ಒರೆಸ್ತಾ ಇರಿ.

ನನ್ನನ್ನು ಸೆಳೆಯೋದು ಕೆಂಪು ಚಂದ್ರನ ಆ ಮಬ್ಬೇ. ಮಿಂಚು ಹಿಡಿಯೋಕೆ ಶಟರ್ ಹಲವು ಸೆಕೆಂಡ್ ತೆರೆದಿರಬೇಕು. ಅಷ್ಟು ಹೊತ್ತಿಗೆ ಮಾಮೂಲಿ ಹುಣ್ಣಿಮೆ ಬರೀ ಬಿಳಿ ಮಚ್ಚೆ ಆಗಿಬಿಡುತ್ತೆ. ಗ್ರಹಣದಲ್ಲಿ ಹಾಗಲ್ಲ! 14 ಎಂಎಂನಂಥ ವೈಡ್ ಲೆನ್ಸನ್ನು ಉದ್ದಕ್ಕೆ ತಿರುಗಿಸಿದ್ರೆ, ಗುಡುಗು ಕೇಳಿಸದಷ್ಟು ದೂರದ ಮಿಂಚು ಮತ್ತು ಪುಟ್ಟ ಕೆಂಪು ಚಂದ್ರ ಒಂದೇ ಫ್ರೇಮಿನಲ್ಲಿ ಸಿಗಬಹುದು.

2028ರ ಡಿಸೆಂಬರ್ 31ರ ರಾತ್ರಿ ಮತ್ತೆ ಖಗ್ರಾಸ ಇದೆ. ಡಿಸೆಂಬರ್ ಕೊನೆಗೆ ಜೆ.ಪಿ. ನಗರದಲ್ಲಿ ಗುಡುಗು ಅಪರೂಪ, ಹಾಗಾಗಿ ಟೆಲಿ ಲೆನ್ಸನ್ನೇ ಸಿದ್ಧ ಮಾಡ್ಕೊಳ್ಳಿ.