ಕಾಲುಗುರಿಗೂ ಒಬ್ಬ ಕಸುಬುದಾರ

2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಪಟ್ಟಣದ ಒಂದು ನೇಲ್ ಸಲೂನಿಗೆ ಪೆಡಿಕ್ಯೂರ್ ಮಾಡಿಸಿಕೊಳ್ಳಲು ಹೋದ ನೂರಕ್ಕೂ ಹೆಚ್ಚು ಮಂದಿಗೆ ಮೊಣಕಾಲ ಕೆಳಗೆ ಕುರುಗಳೆದ್ದವು. ತಿಂಗಳುಗಟ್ಟಲೆ ಮಾಯದ ಕುರುಗಳು. ಕಾರಣ ಹುಡುಕಿದವರು ಕಾಲು ನೆನೆಸುವ ತೊಟ್ಟಿಗಳನ್ನು ಬಿಚ್ಚಿ ನೋಡಿದರೆ, ನೀರು ಹೀರುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರುಗಳ ನಡುವೆ ಮೈಕೋಬ್ಯಾಕ್ಟೀರಿಯಾ ಬೀಡುಬಿಟ್ಟಿತ್ತು.

ಸಲೂನ್ ಬಿಟ್ಟು ಪಾದವೈದ್ಯರ ಕ್ಲಿನಿಕ್ ಸೇರುವ ಅಮೆರಿಕದ ನೇಲ್ ಟೆಕ್ನೀಷಿಯನ್‌ಗಳು ಮೊದಲು ಮರೆಯಬೇಕಾದದ್ದು ಈ ತೊಟ್ಟಿಯನ್ನೇ. ಕ್ಲಿನಿಕ್ಕಿನಲ್ಲಿ ಕೆಲಸವೆಲ್ಲ ಒಣಗಾಲಿನ ಮೇಲೆ. ಉಗುರಿನ ಬುಡದ ಪೊರೆ ಕತ್ತರಿಸುವ ಹಾಗಿಲ್ಲ. ಹಿಮ್ಮಡಿಗೆ ಬ್ಲೇಡ್ ತಾಗಿಸುವ ಹಾಗಿಲ್ಲ. ಉಗುರು ಕತ್ತರಿಸಲು ಬಳಸಿದ ನಿಪ್ಪರ್‌ಗಳು ನೇರ ಬಿಸಿ ಆವಿಯಲ್ಲಿ ಸೋಂಕು ಕಳೆಯುವ ಆಟೋಕ್ಲೇವ್‌ಗೆ. ಬಣ್ಣ ಹಚ್ಚುವುದಕ್ಕಿಂತ ಹಚ್ಚಿದ ಬಣ್ಣ ತೆಗೆಯುವುದೇ ಇಲ್ಲಿ ಮುಖ್ಯ, ಅಡಿಯಲ್ಲಿ ಏನಿದೆಯೆಂದು ಕಾಣಬೇಕಲ್ಲ.

ಬರುವವರಲ್ಲಿ ಬಹುಪಾಲು ಬಗ್ಗಿ ತಮ್ಮ ಪಾದ ಮುಟ್ಟಲಾಗದ ವೃದ್ಧರು, ಸಕ್ಕರೆ ಕಾಯಿಲೆಯವರು. ವರ್ಷಗಟ್ಟಲೆ ಕತ್ತರಿ ಕಾಣದ ಹೆಬ್ಬೆರಳಿನ ಉಗುರು ದಪ್ಪವಾಗಿ, ಹಳದಿಗಟ್ಟಿ, ಟಗರಿನ ಕೊಂಬಿನಂತೆ ಸುರುಳಿಯಾಗಿರುತ್ತದೆ. ಅದನ್ನು ಒಂದೇ ಸಲ ಕತ್ತರಿಸಿ ತೆಗೆದರೆ ಬುಡದ ಮಾಂಸವೂ ಜೊತೆಗೆ ಬಂದೀತು. ಹಾಗಾಗಿ ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಹಿಂದೆ ಸರಿಸಿ, ಅಂಚಿನಿಂದ ಜೋಳದ ಕಾಳಿನಷ್ಟಷ್ಟೇ ಚೂರು ತೆಗೆಯುತ್ತಾ ಹೋಗಬೇಕು. ಉಳಿದ ದಪ್ಪವನ್ನು ಪುಟ್ಟ ಡ್ರಿಲ್‌ನಿಂದ ಸವೆಸಬೇಕು. ಆಗ ಏಳುವ ಧೂಳಿನಲ್ಲಿ ಫಂಗಸ್ ಇರುತ್ತದೆ, ಮಾಸ್ಕ್ ಇಲ್ಲದೆ ಕೂತರೆ ಅದು ಟೆಕ್ನೀಷಿಯನ್ನರ ಶ್ವಾಸಕೋಶಕ್ಕೇ. ಕಾಲುಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್. ಇಡೀ ಹೆಬ್ಬೆರಳಿನ ಉಗುರು ಹೊಸದಾಗಲು ಒಂದರಿಂದ ಒಂದೂವರೆ ವರ್ಷ. ಅಷ್ಟೂ ಕಾಲ ಅದೇ ಕಾಲು, ಅದೇ ಕುರ್ಚಿಗೆ ಮತ್ತೆ ಮತ್ತೆ ಬರುತ್ತದೆ.

ನನ್ನ ಪ್ರಕಾರ ಈ ಕೆಲಸದ ನಿಜವಾದ ಬೆಲೆ ಅಲ್ಲಿದೆ. ಸಕ್ಕರೆ ಕಾಯಿಲೆಯಿಂದ ನರ ಸತ್ತ ಪಾದಕ್ಕೆ ನೋವಿಲ್ಲ, ನೋವಿಲ್ಲದವರು ಡಾಕ್ಟರ ಬಳಿ ಹೋಗುವುದಿಲ್ಲ. ಆದರೆ ಉಗುರು ಬೆಳೆದಿದೆಯೆಂದು ಬರುತ್ತಾರೆ. ಬೆರಳ ಸಂದಿಯಲ್ಲಿ ಬೆಳ್ಳಗೆ ನೆಂದ ಚರ್ಮ, ಆಣಿಯೊಳಗೆ ಕಪ್ಪಾಗಿ ಕಾಣುವ ರಕ್ತದ ಚುಕ್ಕಿ, ಉಗುರಿನುದ್ದಕ್ಕೂ ಅಗಲವಾಗುತ್ತಿರುವ ಕಂದು ಗೆರೆ, ಕಾಲುಚೀಲಕ್ಕೆ ಅಂಟಿದ ಕೀವು: ಇವನ್ನೆಲ್ಲ ಮೊದಲು ಕಾಣುವುದು ಅರ್ಧ ಗಂಟೆ ಪಾದ ಹಿಡಿದು ಕೂತವರೇ. ಕಂಡದ್ದಕ್ಕೆ ಹೆಸರಿಡುವ, ಮದ್ದು ಹೇಳುವ ಅಧಿಕಾರ ಅವರಿಗಿಲ್ಲ. ಕೈಲಿದ್ದದ್ದನ್ನು ಕೆಳಗಿಟ್ಟು ಡಾಕ್ಟರನ್ನು ಕರೆಯಬೇಕು, ಅಷ್ಟೇ. ಜರ್ಮನಿ ಒಂದು ಹೆಜ್ಜೆ ಮುಂದೆ ಹೋಗಿ, 2002ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಪಾದೋಪಚಾರವನ್ನು ಎರಡು ವರ್ಷದ ಓದು ಬೇಡುವ ವೃತ್ತಿಯನ್ನಾಗಿಸಿತು.

ನಮ್ಮಲ್ಲಿ? 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಂಥ ಕಡೆ ಪಾದಕ್ಕೆಂದೇ ವಿಭಾಗವಿದೆ. ತಾಲ್ಲೂಕು ಕೇಂದ್ರದಲ್ಲಿ ಮಾತ್ರ ಗಾಯವಾದ ಮೇಲೆ ಡ್ರೆಸಿಂಗ್ ಮಾಡುವವರಿದ್ದಾರೆ, ಗಾಯಕ್ಕೆ ಮೊದಲು ಉಗುರು ತೆಗೆಯುವವರಿಲ್ಲ. ಆ ಕೆಲಸ ಮನೆಯ ಹಳೇ ಬ್ಲೇಡಿನದು. ನಡೆಯುತ್ತಾ ಚಪ್ಪಲಿ ಕಳಚಿಬಿದ್ದದ್ದೇ ತಿಳಿಯಲಿಲ್ಲ ಎಂದು ಅಜ್ಜ ನಗುತ್ತಾ ಹೇಳಿದರೆ ಮನೆಯವರು ಅದು ನರ ಸತ್ತ ಸುಳಿವಿರಬಹುದೆಂದು ತಿಳಿಯದೆ ಮರೆವು ಎಂದುಕೊಳ್ಳುತ್ತಾರೆ. ಊದಿದ ಬೆರಳಿಗೆ ಹೂತುಹೋದ ಕಾಲುಂಗುರವನ್ನು ತೆಗೆಯಿರಿ ಎಂದು ಮುತ್ತೈದೆಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿದೆ? ಅದಕ್ಕೆ ಹೊರಗಿನವರೊಬ್ಬರೇ ಬೇಕು. ಇನ್ನು ಆಣಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾರ್ನ್ ಕ್ಯಾಪ್. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿಯೂ ಒಂದೇ, ಪಕ್ಕದ ಒಳ್ಳೆಯ ಚರ್ಮವೂ ಒಂದೇ. ಮಧುಮೇಹಿಗಳು ಅದನ್ನು ಮುಟ್ಟಬಾರದು. ಆದರೂ ಸಕ್ಕರೆ ಮಾತ್ರೆ ಕೊಂಡ ಅದೇ ಕೌಂಟರಿನಲ್ಲಿ ಅದನ್ನೂ ಕಟ್ಟಿಕೊಡುತ್ತಾರೆ.