ಮೂರು ನಿಮಿಷದ ವಿದಾಯ, ಎಂಟೂವರೆ ಸಾವಿರ ವರ್ಷ!

1973. ಅಮೆರಿಕದ ನ್ಯಾಶ್‌ವಿಲ್. ಡಾಲಿ ಪಾರ್ಟನ್ ಒಂದು ಹಾಡು ಬರೆದರು. ಆಗ ಅದಕ್ಕಿದ್ದ ಕೇಳುಗರು ಎಷ್ಟು ಮಂದಿ ಗೊತ್ತೇ? ಒಬ್ಬರು! ಟಿವಿ ಕಾರ್ಯಕ್ರಮದಲ್ಲಿ ಏಳು ವರ್ಷ ತಮ್ಮ ಜೊತೆ ಹಾಡಿದ್ದ ಪೋರ್ಟರ್ ವ್ಯಾಗನರ್‌ಗೆ ‘ಇನ್ನು ನಾನು ಹೊರಟೆ’ ಎನ್ನಬೇಕಿತ್ತು. ಬಾಯಿಮಾತಿಗೆ ಆತ ಜಗ್ಗಲಿಲ್ಲ. ಡಾಲಿ ಆತನ ಆಫೀಸಿಗೇ ಹೋಗಿ ಹಾಡಿಬಿಟ್ಟರು. ಮೂರೇ ನಿಮಿಷ. ವ್ಯಾಗನರ್ ಕಣ್ಣೀರಾದರು, ಒಪ್ಪಿದರು.

ಅದೇ ‘ಐ ವಿಲ್ ಆಲ್ವೇಸ್ ಲವ್ ಯೂ’. 1974ರಲ್ಲಿ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ನಂಬರ್ 1. ಎಂಟು ವರ್ಷ ಬಿಟ್ಟು, 1982ರಲ್ಲಿ, ಡಾಲಿ ಮತ್ತೆ ಹಾಡಿದರು. ಮತ್ತೆ ನಂಬರ್ 1! ಅದೇ ಹಾಡು, ಅದೇ ಗಾಯಕಿ, ಅದೇ ಪಟ್ಟಿ.

ಈ ನಡುವೆ ಎಲ್ವಿಸ್ ಪ್ರೀಸ್ಲಿಯೇ ಹಾಡು ಕೇಳಿ ಬಂದಿದ್ದ. ಅವನ ಮ್ಯಾನೇಜರ್‌ನ ಷರತ್ತು: ಪ್ರಕಾಶನ ಹಕ್ಕಿನಲ್ಲಿ 50 ಪರ್ಸೆಂಟ್. ಡಾಲಿ ರಾತ್ರಿಯಿಡೀ ಅತ್ತರು, ಆದರೆ ಒಂದು ಪರ್ಸೆಂಟೂ ಕೊಡಲಿಲ್ಲ.

1992. ‘ದಿ ಬಾಡಿಗಾರ್ಡ್’ ಸಿನಿಮಾ, 29ರ ವಿಟ್ನಿ ಹ್ಯೂಸ್ಟನ್, ಅದೇ ಹಾಡು. ಶುರುವಿನಲ್ಲಿ 40 ಸೆಕೆಂಡ್ ಗಿಟಾರಿಲ್ಲ, ಪಿಯಾನೊ ಇಲ್ಲ, ತಾಳವೂ ಇಲ್ಲ; ಬರೀ ಗಂಟಲು. ಕೊನೆಗೆ ಎಲ್ಲ ಸ್ತಬ್ಧ, ಡ್ರಮ್ಮಿನ ಒಂದೇ ಏಟು, ಆಮೇಲೆ ಚಾವಣಿ ಹಾರಿಸುವ ಆ ಸ್ವರ! ಎಲ್ವಿಸ್‌ನ 1956ರ ದಾಖಲೆ ಹಿಟ್ ಅಮೆರಿಕದಲ್ಲಿ ಅಗ್ರಸ್ಥಾನದಲ್ಲಿ ಕೂತದ್ದು 11 ವಾರ. ಅವನ ಕೈತಪ್ಪಿದ ಹಾಡು ಕೂತದ್ದು 14 ವಾರ: 98 ದಿನ ಬೆಳಗೆದ್ದರೆ ಅದೇ ನಂಬರ್ 1.

ಆ ವರ್ಷದ ಕ್ರಿಸ್‌ಮಸ್ ವಾರ ಅಮೆರಿಕವೊಂದರಲ್ಲೇ ಸಿನಿಮಾದ ಆಲ್ಬಂ 10 ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಅಂದರೆ ಹಗಲು, ರಾತ್ರಿ, ಅಂಗಡಿ ಬಾಗಿಲು ಹಾಕಿದ ಹೊತ್ತು ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಪ್ರತಿ ಮೂರು ಸೆಕೆಂಡಿಗೆ ಐದು!

ಇಡೀ ಜಗತ್ತಿನ ಲೆಕ್ಕ? ನಾಲ್ಕೂವರೆ ಕೋಟಿಗೂ ಮೇಲೆ. ಎಲ್ಲವೂ ಸಿ.ಡಿ. ಎಂದುಕೊಂಡು, ಸೆಂಟಿಮೀಟರ್ ದಪ್ಪದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ: 450 ಕಿಲೋಮೀಟರ್! 50 ಎವರೆಸ್ಟ್‌ಗಳಷ್ಟು ಎತ್ತರ. ಭೂಮಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆ ಕಂಬದ ತುದಿಗಿಂತ ಕೆಳಗೇ ಹಾದುಹೋಗಬೇಕು. ಡಬ್ಬಿಗೆ ನೂರು ಗ್ರಾಂ ಹಿಡಿದರೆ ಒಟ್ಟು 4,500 ಟನ್. ಮೈಸೂರು ದಸರಾದ 750 ಕಿಲೋ ಅಂಬಾರಿಯಂಥವು 6,000. ಆ ಮೆರವಣಿಗೆಗೆ ಆನೆ ಎಲ್ಲಿಂದ ತರೋಣ?

ಇಷ್ಟಕ್ಕೇ ಸುಸ್ತಾಗಬೇಡಿ. 2020ರಲ್ಲಿ ವಿಟ್ನಿಯ ವಿಡಿಯೊ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿತು. ಒಂದು ಸಲಕ್ಕೆ ನಾಲ್ಕೂವರೆ ನಿಮಿಷ. ಒಬ್ಬರೇ ಕೂತು, ಊಟ ನಿದ್ದೆ ಬಿಟ್ಟು ಅಷ್ಟನ್ನೂ ನೋಡಿ ಮುಗಿಸಲು ಎಂಟೂವರೆ ಸಾವಿರ ವರ್ಷ ಬೇಕು. ಹಲ್ಮಿಡಿ ಶಾಸನ ಕೆತ್ತಿದಂದಿನಿಂದ ಇಂದಿನವರೆಗಿನ ಕಾಲದ ಐದು ಪಟ್ಟು!

ವ್ಯಾಗನರ್‌ಗೆ ಮಾತ್ರ ಒಂದೇ ಸಲ ಸಾಕಾಗಿತ್ತು.